ಕೆರೆ ಮೇಲಿನ ಪಟದ ಇಸ್ಕೂಲು

ಕೆರೆ ಏರಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆ ಸಾಕು, ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ದಿನಕ್ಕೊಬ್ಬರಾದರೂ ತಾವಾಗಿಯೇ ಬಂದು ನೀರಿಗೆ ಬೀಳುತ್ತಾರೆ. ಕಳೆದ ಆಷಾಢವಿಡೀ ನಾನು ಹೀಗೆ ಕೂತು ನಕ್ಕಿದ್ದೇನೆ. ನಡುವೆ ನಾನೇ ಬಿದ್ದು ಊರನ್ನು ನಗಿಸಿದ್ದೂ ಉಂಟು. ಮುಚ್ಚಿಟ್ಟರೆ ನಮ್ಮೂರಿನವರು ಸುಮ್ಮನಿರುವ ಪೈಕಿ ಅಲ್ಲ, ಆದ್ದರಿಂದ ಅದನ್ನೂ ನಾನೇ ಹೇಳಿಬಿಡುತ್ತೇನೆ.

ನಾನು ಪಿ.ಟಿ. ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಸೀಟಿ ಊದಿ ಹಿಂದಿನ ವರ್ಷ ರಿಟೈರಾದೆ. ನಮ್ಮೂರು ತಿಪಟೂರಿಗೂ ತುರುವೇಕೆರೆಗೂ ನಡುವೆ ಇದೆ. ಸುತ್ತ ತೆಂಗಿನ ತೋಟ, ಮಧ್ಯೆ ದೊಡ್ಡ ಕೆರೆ. ನನ್ನ ಅಕ್ಕನನ್ನು ಇದೇ ಊರಿಗೆ ಕೊಟ್ಟಿದೆ. ಅವಳ ಮಗಳು ಸಮುದ್ರದ ಕಡೆ ಆರು ವರ್ಷ ಇದ್ದು ಕೈಟ್ ಸರ್ಫಿಂಗ್ ಕಲಿತಳು, ಕಲಿಸುವುದಕ್ಕೂ ಸರ್ಟಿಫಿಕೇಟು ತಗೊಂಡಳು. ನೋಡದವರಿಗೆ ಹೇಳಬೇಕೆಂದರೆ, ನಡುಮನೆಯಷ್ಟು ಅಗಲದ ಬಟ್ಟೆಯ ಪಟ. ಅದರ ದಾರಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳಬೇಕು, ಕಾಲಿಗೆ ಒಂದು ಹಲಗೆ ಹಾಕಿಕೊಳ್ಳಬೇಕು. ಗಾಳಿ ಪಟವನ್ನು ಎಳೆಯುತ್ತದೆ, ಪಟ ನಮ್ಮನ್ನು ಎಳೆಯುತ್ತದೆ. ವಿದ್ಯೆ ಬಂದವರು ನೀರಿನ ಮೇಲೆ ಜಾರಿಕೊಂಡು ಹೋಗುತ್ತಾರೆ, ಬಾರದವರು ನೀರು ಕುಡಿಯುತ್ತಾರೆ.

ಅಲ್ಲಿ ಬೇರೆಯವರ ಕೈಕೆಳಗೆ ದುಡಿದು ಸಾಕಾಗಿ, ಊರಲ್ಲೇ ಒಂದು ಇಸ್ಕೂಲು ಮಾಡಬೇಕೆಂದು ಅವಳು ಬಂದಳು. ಗಾಳಿ, ನೀರು ಎರಡೂ ಇಲ್ಲೇ ಇವೆ ಎಂದು ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆಷಾಢದ ಗಾಳಿಗೆ ನಮ್ಮ ಕಡೆ ಮನೆ ಮೇಲಿನ ಶೀಟುಗಳೇ ಹಾರಿಹೋಗುತ್ತವೆ, ನಾಲೆ ನೀರು ಬಂದು ಕೆರೆಯೂ ತುಂಬಿತ್ತು. ಆದರೆ ಕೆರೆ ಪಂಚಾಯಿತಿಯದು. ಅಧ್ಯಕ್ಷರು ಗಡ್ಡ ಕೆರೆದುಕೊಂಡು ಒಂದು ಷರತ್ತು ಹಾಕಿದರು.

"ನೋಡವ್ವ, ಒಂದು ತಿಂಗ್ಳು ಹಂಗೇ ನಡ್ಸು. ಆಷಾಢ ಮುಗಿಯೋದ್ರೊಳಗೆ ನಮ್ಮೂರಿನ ಅರವತ್ತು ದಾಟಿದೋರು ಒಬ್ರು ಈ ದಡದಿಂದ ಹೊಂಟು, ಆಚೆ ದಡ ಮುಟ್ಟಿ, ಜೀವಂತ ವಾಪಸ್ ಬರ್ಬೇಕು. ಜೊತೆಗೆ ನೀನಿದ್ರೂ ಸೈ. ವಯಸ್ಸಾದೋರೇ ಬದುಕ್ಕಂಡು ಬಂದ್ರು ಅಂದ್ರೆ ಹುಡುಗ್ರಿಗೇನು ಭಯ? ಪರ್ಮಿಷನ್ ಕೊಡ್ತೀವಿ. ಇಲ್ಲ ಅಂದ್ರೆ ಪಟ ಮಡಚ್ಕೊಂಡು ಹೊಂಟೋಗ್ಬೇಕು."

ಹೊರಟುಹೋಗುವುದೆಂದರೆ ಮತ್ತೆ ಸಮುದ್ರದ ಕಡೆಗೆ, ಮತ್ತೆ ಬೇರೆಯವರ ಕೈಕೆಳಗೆ. ಅಕ್ಕ ಬಾಯಲ್ಲಿ "ಹೋದ್ರೆ ಹೋಗ್ಲಿ ಬುಡು, ಹೆಣ್ ಹುಡುಗಿಗೆ ಇದೇನು ನೀರಾಟ" ಅನ್ನುತ್ತಿದ್ದಳು. ಆದರೆ ಆರು ವರ್ಷದ ಮೇಲೆ ಮಗಳು ಮನೆಯಲ್ಲಿ ಉಣ್ಣುತ್ತಿದ್ದಾಳೆಂದು ದಿನಾ ಒಂದು ಸೇರು ಅಕ್ಕಿ ಜಾಸ್ತಿ ಹಾಕುತ್ತಿದ್ದಳು. ಹುಡುಗಿ ನನ್ನ ಕಡೆ ತಿರುಗಿ, "ಮಾವ, ನಿನಗೆ ಅರವತ್ತೊಂದು ಅಲ್ವಾ?" ಅಂದಳು. ನಾನು ಆ ಕ್ಷಣದಲ್ಲಿ ಇಲ್ಲ ಅನ್ನಬಹುದಿತ್ತು.

ಮೂವತ್ತೈದು ಕೆಜಿ

ಮೊದಲು ಕಲಿಯಲು ಬಂದಿದ್ದು ಒಂಬತ್ತು ವರ್ಷದ ಒಂದು ಮಗು. ಜೊತೆಯಲ್ಲಿ ಅವಳ ತಾತ, ಕೊಬ್ಬರಿ ವ್ಯಾಪಾರಿ. ಮೂವತ್ತೈದು ಕೆಜಿ ಇಲ್ಲದವರನ್ನು ಪಟಕ್ಕೆ ಕಟ್ಟುವುದಿಲ್ಲ, ಗಾಳಿ ಎತ್ತಿಕೊಂಡು ಹೋಗಿಬಿಡುತ್ತದೆ ಎಂದು ನಮ್ಮ ಹುಡುಗಿ ಹೇಳಿದಳು. ಮಗು ಇದ್ದದ್ದು ಇಪ್ಪತ್ತಾರು.

"ಒಂಬತ್ತು ಕೆಜಿ ತಾನೆ?" ಎಂದು ತಾತ ಮೊಮ್ಮಗಳ ಕೈ ಹಿಡಿದುಕೊಂಡು ಹೊರಟುಹೋದರು. ಬಾಳೆಹಣ್ಣು ತುಪ್ಪ ತಿನ್ನಿಸಿಕೊಂಡು ಮುಂದಿನ ವರ್ಷ ಬರುತ್ತಾರೆ ಅಂದುಕೊಂಡೆ. ಮಾರನೆಯ ಬೆಳಿಗ್ಗೆಯೇ ಬಂದರು. ಮಗುವಿನ ಸೊಂಟದ ಸುತ್ತ ಸಿಪ್ಪೆ ಸಮೇತ ಹತ್ತು ಒಣಗಾಯಿ ಕಟ್ಟಿದ್ದರು. ಪಾಪ, ಅದಕ್ಕೆ ಕೈ ಇಳಿಬಿಡುವುದಕ್ಕೂ ಜಾಗವಿರಲಿಲ್ಲ.

"ನಮ್ಮ ತಕ್ಕಡೀಲೇ ಹಾಕ್ಸೀನಿ. ಮೂವತ್ತೈದೂವರೆ. ಅರ್ಧ ಕೆಜಿ ನಮ್ಮ ಕಡೆಯಿಂದ ಜಾಸ್ತಿ" ಅಂದರು.

"ತಾತ, ಒಣಗಾಯಿ ನೀರಲ್ಲಿ ತೇಲುತ್ತೆ. ಅದನ್ನ ಬೆನ್ನಿಗೆ ಕಟ್ಕೊಂಡೇ ಅಲ್ವಾ ನೀವೆಲ್ಲ ಬಾವೀಲಿ ಈಜು ಕಲ್ತಿದ್ದು? ನೀರಿಗಿಳಿದ ಮೇಲೆ ಅದರ ತೂಕ ಎಲ್ಲಿರುತ್ತೆ?"

ತಾತ ಒಂದು ನಿಮಿಷ ಲೆಕ್ಕ ಹಾಕಿದರು. "ಹಂಗಾರೆ ಗುಂಡುಕಲ್ಲು ಕಟ್ಟಾನ."

"ಮುಳುಗಿಹೋಗ್ತಾಳೆ."

"ತೇಲೋದು ಕಟ್ಟಂಗಿಲ್ಲ, ಮುಳುಗೋದು ಕಟ್ಟಂಗಿಲ್ಲ. ಇದ್ಯಾವ ಸೀಮೆ ಇಸ್ಕೂಲವ್ವ ನಿಂದು!" ಎಂದು ಅವರು ರೇಗಿದರು. ಮಗು ಅಷ್ಟೂ ಹೊತ್ತು ಕಾಯಿಗಳ ಮೇಲೆ ಕೈಯಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡುತ್ತಿತ್ತು. ಕೊನೆಗೆ ಅದೇ ತೀರ್ಮಾನ ಹೇಳಿತು.

"ತಾತ, ನೀನು ನೂರಾ ಹತ್ತು ಕೆಜಿ ಇದ್ದೀಯ. ನೀನು ಕಲ್ತ್ಕೋ. ನನ್ನ ನಿನ್ನ ಸೊಂಟಕ್ಕೆ ಕಟ್ಕೋ."

ತೋಟಕ್ಕೆ ಬಿದ್ದದ್ದು

ನಮ್ಮ ಕಡೆ ತೆಂಗಿನ ತೋಟದವರಲ್ಲಿ ಒಂದು ಕಟ್ಟುಪಾಡಿದೆ. ಮರ ಯಾರದೇ ಆಗಲಿ, ಕಾಯಿ ಯಾರ ಜಮೀನಿಗೆ ಬಿತ್ತೋ ಅವರದು. ಬೇಲಿಯ ಮೇಲೆ ಬಾಗಿದ ಮರದ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿರುವುದುಂಟು, ಆದರೆ ಈ ಕಟ್ಟುಪಾಡು ಮುರಿದದ್ದಿಲ್ಲ.

ಕಾಯಿ ಕೀಳುವ ಆಳು ಒಬ್ಬ, ಇಪ್ಪತ್ತಾರು ವರ್ಷದವನು, ನನ್ನ ಹಳೆಯ ಶಿಷ್ಯ, ನಮ್ಮಲ್ಲಿ ಕಲಿಯಲು ಸೇರಿದ. ಕಲಿಯುವುದರ ಜೊತೆಗೆ ಪಟ ಬಿಡುವ, ಹಿಡಿಯುವ ಕೆಲಸವನ್ನೂ ಅವನೇ ಮಾಡುತ್ತಿದ್ದ. ಎರಡನೆಯ ವಾರ ಅವನ ಕೈ ತಪ್ಪಿದ ಪಟ ಕೆರೆಯಿಂದ ಹಾರಿ ಪಕ್ಕದ ತೋಟದ ಎತ್ತರದ ಮರದ ಸುಳಿಗೆ ಸಿಕ್ಕಿಕೊಂಡಿತು. ನಾವೆಲ್ಲ ಓಡಿದೆವು. ತೋಟದ ಯಜಮಾನರು ಆಗಲೇ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು.

"ಪಟ ನಂದು" ಅಂದರು.

"ಅದು ಹೆಂಗೆ ನಿಮ್ದಾಗುತ್ತೆ?" ಎಂದಳು ನಮ್ಮ ಹುಡುಗಿ.

"ನನ್ನ ತೋಟಕ್ಕೆ ಬಿದ್ದಿದ್ದು ನಂದು. ಬೇಕಿದ್ರೆ ನಿಮ್ಮ ಮಾವನ್ನ ಕೇಳು, ಮೇಷ್ಟ್ರಲ್ವಾ?"

ಕಟ್ಟುಪಾಡು ನನಗೂ ಗೊತ್ತು. ಹೌದೆಂದು ತಲೆಯಾಡಿಸಿದೆ. ಹುಡುಗಿ ಮಾತ್ರ ಬಿಡಲಿಲ್ಲ. "ಬಿದ್ದಿಲ್ವಲ್ಲ ಯಜಮಾನ್ರೇ, ಇನ್ನೂ ಮರದಲ್ಲೇ ಇದೆ."

ಯಜಮಾನರು ಯೋಚಿಸಿದರು. ನ್ಯಾಯದ ಮನುಷ್ಯ. "ಅದೂ ಸರಿಯೇ. ಹಂಗಾರೆ ಬೀಳೋಗಂಟ ಕಾಯ್ತೀನಿ" ಎಂದು ಹೆಗಲ ಮೇಲಿನ ಟವೆಲ್ಲು ಹಾಸಿ ಮರದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

ಇಷ್ಟರಲ್ಲಿ ನಮ್ಮ ಶಿಷ್ಯ ಸದ್ದಿಲ್ಲದೆ ಮರ ಹತ್ತಿ ಸುಳಿ ಸೇರಿದ್ದ. ದಾರ ಎಷ್ಟು ಗೊನೆಗಳಿಗೆ ಸುತ್ತಿಕೊಂಡಿತ್ತೋ, ಕತ್ತಿ ಸೊಂಟದಿಂದ ತೆಗೆದು ಕೆಳಕ್ಕೆ ಬಗ್ಗಿ ನೋಡಿದ.

"ಯಜಮಾನ್ರೇ, ಬಿಡಿಸ್ತಾ ಇದ್ದೀನಿ. ಮೊದ್ಲು ಪಟ ಬೀಳ್ತದೋ ಗೊನೆ ಬೀಳ್ತದೋ ಗೊತ್ತಿಲ್ಲ. ಎಲ್ಡೂ ನಿಮ್ದೇಯ, ಅಲ್ಲೇ ಕೂತಿರಿ!"

ಯಜಮಾನರು ಟವೆಲ್ಲನ್ನೂ ಬಿಟ್ಟು ಓಡಿದರು.

ಟವೆಲ್ಲಿನೊಳಗಿನ ಐದು ಬೆರಳು

ನಲವತ್ತೈದರ ಒಬ್ಬ ದನದ ದಲ್ಲಾಳಿ ಸೇರಿದರು. ಹೊಟ್ಟೆ ಕರಗಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ಸಂತೆಯಲ್ಲಿ ದನದ ವ್ಯಾಪಾರ ನೋಡಿದವರಿಗೆ ಗೊತ್ತು, ದಲ್ಲಾಳಿಗಳು ಬಾಯಲ್ಲಿ ಬೆಲೆ ಹೇಳುವುದಿಲ್ಲ. ಕೈಯ ಮೇಲೆ ಟವೆಲ್ಲು ಹೊದಿಸಿ, ಒಳಗೇ ಬೆರಳು ಹಿಡಿದು ಮಾತಾಡುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು.

ನಮ್ಮ ಹುಡುಗಿ ಎಲ್ಲರಿಗೂ ಕೈಸನ್ನೆ ಹೇಳಿಕೊಡುತ್ತಿದ್ದಳು. ಗಾಳಿಯಲ್ಲಿ ಕೂಗಿದ್ದು ಕೇಳುವುದಿಲ್ಲವಲ್ಲ. ತಲೆ ತಟ್ಟಿಕೊಂಡರೆ ಪಟ ಇಳಿಸಬೇಕು, ಐದು ಬೆರಳು ಬಿಚ್ಚಿ ತೋರಿಸಿದರೆ ಬಂದು ಎಳೆದುಕೊಳ್ಳಬೇಕು. ದಲ್ಲಾಳಿಗಳು "ಬೆರಳಿನ ಭಾಷೆ ನಮಗೆ ಹೇಳಿಕೊಡ್ತೀಯೇನವ್ವ" ಎಂದು ನಕ್ಕು ನೀರಿಗಿಳಿದರು. ಹೆಗಲ ಮೇಲೆ ಟವೆಲ್ಲು ಇದ್ದೇ ಇತ್ತು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋದವರಲ್ಲ.

ಕೆರೆಯ ಮಧ್ಯಕ್ಕೆ ಹೋದ ಮೇಲೆ ಪಟ ನೀರಿಗೆ ಬಿತ್ತು. ಲೈಫ್ ಜಾಕೆಟ್ ಇದ್ದುದರಿಂದ ಅವರು ಕುರ್ಚಿಯಲ್ಲಿ ಕೂತಂತೆ ಆರಾಮಾಗಿ ತೇಲುತ್ತಿದ್ದರು. ಕೈಸನ್ನೆ ಇಲ್ಲ, ಕೂಗಿಲ್ಲ. ಮುಂದಕ್ಕೆ ಚಾಚಿದ ಕೈಯ ಮೇಲೆ ಟವೆಲ್ಲು. ಬಿಸಿಲಿಗೆ ಹಾಕಿಕೊಂಡಿದ್ದಾರೆ ಅಂದೆ ನಾನು. ಅರ್ಧ ಗಂಟೆಯಾದರೂ ಅಲ್ಲೇ ಇದ್ದುದನ್ನು ನೋಡಿ ಹುಡುಗಿಗೆ ಅನುಮಾನ ಬಂತು, ತಾನೇ ಹೋಗಿ ಎಳೆದುಕೊಂಡು ಬಂದಳು. ಮನುಷ್ಯ ಗಡಗಡ ನಡುಗುತ್ತಿದ್ದರು.

"ಯಾಕ್ ಸಾರ್, ಸನ್ನೆ ಮಾಡ್ಲಿಲ್ಲ?"

"ಅರ್ಧ ಗಂಟೆಯಿಂದ ಐದು ಬೆರಳೂ ಬಿಚ್ಕೊಂಡೇ ಇದ್ದೀನಿ, ನೋಡವ್ವ!" ಎಂದು ಟವೆಲ್ಲು ಎತ್ತಿ ತೋರಿಸಿದರು. ಬೆರಳು ನೀಲಿಯಾಗಿದ್ದವು.

"ಟವೆಲ್ ಒಳಗಿದ್ರೆ ನಮಗೆ ಹೆಂಗೆ ಕಾಣುತ್ತೆ?"

"ಕಾಣ್ಬಾರ್ದು ಅಂತ್ಲೇ ಅಲ್ವೇ ಟವೆಲ್ ಹಾಕಾದು? ಏರಿ ಮೇಲೆ ಅಷ್ಟೊಂದು ಜನ ಕೂತವ್ರೆ. ಎಲ್ರ ಮುಂದೆ ಬೆರಳು ಬಿಚ್ಚಿದ್ರೆ ನಾಳೆ ಸಂತೇಲಿ ನಂಗೆ ಯಾರು ವ್ಯಾಪಾರ ಕೊಡ್ತಾರೆ?"

ಕಲಿಯದ ಅಳಿಯ

ಆಷಾಢ ಬಂತೆಂದರೆ ಹೊಸದಾಗಿ ಮದುವೆಯಾದ ಹುಡುಗಿಯರು ತವರಿಗೆ ಬರುತ್ತಾರೆ. ಗಂಡನಾದವನು ಆ ತಿಂಗಳು ಅತ್ತೆ ಮನೆಯ ಹೊಸಿಲು ತುಳಿಯಬಾರದು. ನಮ್ಮೂರಿಗೆ ಹಾಗೆ ಬಂದಿದ್ದ ಇಪ್ಪತ್ನಾಲ್ಕರ ಒಬ್ಬ ಮದುಮಗಳು ಹೊತ್ತು ಹೋಗದೆ ನಮ್ಮಲ್ಲಿ ಸೇರಿದಳು. ಚುರುಕಾದ ಹುಡುಗಿ. ವಾರದಲ್ಲಿ ಹಲಗೆಯ ಮೇಲೆ ನಿಂತಳು.

ಎಂಟನೆಯ ದಿನ ಚಿಕ್ಕನಾಯಕನಹಳ್ಳಿ ಕಡೆಯಿಂದ ಬೈಕಿನಲ್ಲಿ ಒಬ್ಬ ಬಂದು, ತಾನೂ ಕಲಿಯುತ್ತೇನೆ ಅಂದ. ಅವಳ ಗಂಡ. ಸುದ್ದಿ ಊರೊಳಗೆ ಹೋಗಿ ಅವನ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಏರಿಗೆ ಬಂದರು. ಅಳಿಯ ಕೈ ಮುಗಿದು ಹೇಳಿದ, "ಅತ್ತೆ, ಹೊಸಿಲು ದಾಟಬಾರ್ದು ಅಂತ ಹಿರೀಕರು ಹೇಳವ್ರೆ. ಕೆರೆಗೆ ಹೊಸಿಲೇ ಇಲ್ವಲ್ಲ." ಆಯಮ್ಮ ಕೆರೆಯನ್ನು ಒಂದು ಸಲ ನೋಡಿದರು, ಅಳಿಯನನ್ನು ಒಂದು ಸಲ ನೋಡಿದರು. ಮಾರನೆಯ ದಿನದಿಂದ ಏರಿಗೇ ಅಳಿಯನಿಗೆ ರೊಟ್ಟಿ ಬರತೊಡಗಿತು.

ಅವನಷ್ಟು ದಡ್ಡ ಶಿಷ್ಯನನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಹಲಗೆಗೆ ಕಾಲಿಟ್ಟ ಕೂಡಲೇ ಬೀಳುತ್ತಿದ್ದ. ಬಿದ್ದರೆ ಹೆಂಡತಿ ಹೋಗಿ ಎತ್ತಬೇಕು, ದಡಕ್ಕೆ ತಂದು ತಲೆ ಒರೆಸಬೇಕು. ಒಂದು ದಿನ ಅವನು ಯಾರೂ ನೋಡುತ್ತಿಲ್ಲವೆಂದು ತಿಳಿದು ಜಾಲಿ ಮರಗಳ ಆಚೆಗೆ ನೀಟಾಗಿ, ಬೀಳದೆ, ತಿರುವು ತಗೊಂಡು ಹೋಗಿದ್ದನ್ನು ನಾನೂ ನಮ್ಮ ಹುಡುಗಿಯೂ ಕಣ್ಣಾರೆ ನೋಡಿದೆವು. ದಡಕ್ಕೆ ಬಂದ ಮೇಲೆ ನಾನು ಕಿವಿ ಹಿಡಿದೆ.

"ಏನ್ಲಾ, ಇಷ್ಟು ಚೆನ್ನಾಗಿ ಬರುತ್ತಲ್ಲೋ ನಿನಗೆ!"

"ಸಾರ್, ಮೆಲ್ಲಗೆ" ಅಂದ. "ಆಷಾಢ ಮುಗಿಯೋಗಂಟ ನಂಗೆ ಬರಲ್ಲ."

ಒಂದು ಸೀಟಿ, ಎರಡು ಸೀಟಿ

ಇನ್ನು ನನ್ನ ಸರದಿ. ನಾನು ಮಕ್ಕಳಿಗೆ ಈಜು ಸ್ಪರ್ಧೆ ಮಾಡಿಸಿದವನು, ಬಹುಮಾನ ಕೊಟ್ಟವನು. ಆದರೆ ಮಂಡಿಗಿಂತ ಮೇಲೆ ನೀರು ಬಂದರೆ ನನಗೆ ಉಸಿರು ಕಟ್ಟುತ್ತದೆ. ಇದು ನನಗೂ ಅಕ್ಕನಿಗೂ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಆದರೂ ಹುಡುಗಿಯ ಕೆಲಸ ನನ್ನ ಮೇಲೆ ನಿಂತಿದೆಯಲ್ಲ, ಧೈರ್ಯ ಮಾಡಿದೆ.

ಭಯ ಮುಚ್ಚಿಕೊಳ್ಳುವುದಕ್ಕೆ ಮೇಷ್ಟ್ರುಗಳಿಗೆ ಇರುವುದು ಒಂದೇ ದಾರಿ, ರೂಲ್ಸು ಮಾಡುವುದು. ಪಟ ಹಿಡಿದುಕೊಂಡಿದ್ದ ಆ ಕಾಯಿ ಕೀಳುವ ಶಿಷ್ಯನಿಗೆ ಹೇಳಿದೆ, "ಒಂದು ಸೀಟಿ ಊದಿದರೆ ಪಟ ಬಿಡು. ಎರಡು ಸೀಟಿ ಊದಿದರೆ ಓಡಿಬಂದು ಹಿಡಿ. ತಿಳೀತಾ?" ಅವನು ಶಾಲೆಯಲ್ಲಿ ನಿಂತ ಹಾಗೆಯೇ ನಿಂತು "ತಿಳೀತು ಸಾ" ಅಂದ.

ಒಂದು ಸೀಟಿ ಊದಿದೆ. ಪಟ ಏರಿತು. ಆಮೇಲೆ ಆಗಿದ್ದು ನನಗೆ ಪೂರ್ತಿ ನೆನಪಿಲ್ಲ. ಯಾರೋ ಸೊಂಟ ಹಿಡಿದು ಎಳೆದಂತಾಗಿ ಬೋರಲು ಬಿದ್ದೆ, ಕೆರೆ ನನ್ನ ಬಾಯೊಳಕ್ಕೆ ಬಂತು. ಬಾಯಲ್ಲಿ ಸೀಟಿ ಹಾಗೇ ಇತ್ತು. ಏದುಸಿರು ಬಿಟ್ಟಾಗಲೆಲ್ಲ ಅದು ಪೀ, ಪೀ, ಪೀ ಅನ್ನುತ್ತಿತ್ತು. ದಡದುದ್ದಕ್ಕೂ ಜನ ಓಡಿಬಂದರು. ನಮ್ಮ ಹುಡುಗಿ ಕೂಗಿ ಕೂಗಿ ಹೇಳಿದಂತೆ ದಾರಗಳ ತುದಿಯ ಹಿಡಿಕೋಲನ್ನು ಕೈಬಿಟ್ಟ ಮೇಲೆ ಪಟ ಮಲಗಿತು. ಅಷ್ಟರಲ್ಲಿ ಎರಡು ಎಕರೆಯಷ್ಟು ಕೆರೆಯನ್ನು ಹೊಟ್ಟೆಯಲ್ಲಿ ಉತ್ತಿದ್ದೆ.

ನೀರು ಕಕ್ಕಿ, ಮೊದಲು ಶಿಷ್ಯನನ್ನು ಕರೆದೆ. "ಯಾಕೋ ಬಂದು ಹಿಡೀಲಿಲ್ಲ?"

"ನೀವು ಎಲ್ಡು ಸೀಟಿ ಊದಿದ್ರಿ ಸಾ, ಓಡಿಬಂದೆ. ಅಷ್ಟರಲ್ಲಿ ಮೂರ್ನೇದು ಊದಿದ್ರಿ. ಮೂರಕ್ಕೆ ರೂಲ್ಸು ಹೇಳಿರ್ಲಿಲ್ಲ."

"ಅದಕ್ಕೆ?"

"ಅಟೆನ್ಷನ್ ನಿಂತ್ಕಂಡೆ ಸಾ."

ಅರವತ್ತು ದಾಟಿದವರು

ಆಷಾಢದ ಕೊನೆಯ ವಾರ ಆ ದಿನ ಬಂತು. ಅಷ್ಟು ಹೊತ್ತಿಗೂ ನಾನು ಹಲಗೆಯ ಮೇಲೆ ನಿಂತಿರಲಿಲ್ಲ, ಆದರೆ ಹುಡುಗಿಯ ಬೆನ್ನು ಹಿಡಿದುಕೊಂಡು ನೀರಿನಲ್ಲಿ ಎಳೆಸಿಕೊಂಡು ಹೋಗುವಷ್ಟು ಕಲಿತಿದ್ದೆ. ಕಣ್ಣು ಮುಚ್ಚಿಕೊಂಡಿದ್ದರೆ ಸಾಕಿತ್ತು. ಏರಿಯ ಮೇಲೆ ಅಧ್ಯಕ್ಷರು, ಮೆಂಬರುಗಳು, ಫೈಲು ಹಿಡಿದ ಸೆಕ್ರೆಟರಿ ಕೂತಿದ್ದರು. ಹಿಂದೆ ಇಡೀ ಊರು. ನಾನು ಲೈಫ್ ಜಾಕೆಟ್, ಹೆಲ್ಮೆಟ್ ಹಾಕಿಕೊಂಡು ನಿಂತಿದ್ದೆ. ಕಾಫಿ ಲೋಟ ಹಿಡಿದರೆ ಲೋಟ ಜಾಕೆಟ್ಟಿನ ಜಿಪ್ಪಿಗೆ ಬಡಿದು ಟಕಟಕ ಅನ್ನುತ್ತಿತ್ತು. ಅಕ್ಕ ಅದನ್ನೇ ನೋಡುತ್ತಿದ್ದಳು.

"ಅರವತ್ತು ದಾಟಿದ್ದಕ್ಕೆ ದಾಖಲೆ?" ಎಂದರು ಸೆಕ್ರೆಟರಿ. ಆಧಾರ್ ಕಾರ್ಡೂ ರಿಟೈರ್ಮೆಂಟ್ ಆರ್ಡರೂ ಕೊಟ್ಟೆ. ಅವರು ಬರೆದುಕೊಳ್ಳುತ್ತಿದ್ದಾಗ ಅಕ್ಕ ಎದ್ದು ನಿಂತಳು.

"ಅದು ಸುಳ್ಳು, ಬರೀಬೇಡಿ. ಅವನಿಗಿನ್ನೂ ಐವತ್ತೊಂಬತ್ತು."

ಅಧ್ಯಕ್ಷರು "ಏನಮ್ಮ ಹಂಗಂದ್ರೆ?" ಅಂದರು.

"ನಾನು ನಾಲ್ಕನೇ ಕ್ಲಾಸಲ್ಲಿದ್ದೆ. ನಮ್ಮವ್ವ ತೋಟಕ್ಕೆ ಹೋಗೋಳು, ಇವನನ್ನ ನೋಡ್ಕಳೋರು ಯಾರೂ ಇರ್ಲಿಲ್ಲ. ಸೊಂಟದ ಮೇಲೆ ಕೂರಿಸ್ಕೊಂಡೇ ಇಸ್ಕೂಲಿಗೆ ಹೋಗ್ತಿದ್ದೆ. ಆವಾಗಿನ ಮೇಷ್ಟ್ರು, ದಿನಾ ಬಂದು ಕೂರೋದೇ ಆದ್ರೆ ಹಾಜರೀಲೇ ಕೂತ್ಕಳ್ಲಿ ಅಂತ ಎರಡು ವರ್ಷ ಸೇರಿಸಿ ಬರ್ಕೊಂಡ್ರು. ನಡುಗ್ತಾ ನಿಂತವ್ನೆ ನೋಡಿ. ಸುಳ್ಳು ವಯಸ್ಸಿಗೆ ನನ್ನ ತಮ್ಮ ನಿಜವಾಗಿ ಸಾಯೋದು ಬೇಡ."

ಸೆಕ್ರೆಟರಿ ಪೆನ್ನಿನ ಮುಚ್ಚಳ ಹಾಕಿದರು. ನನಗೆ ಒಂದು ಕಡೆ ಜೀವ ಉಳಿಯಿತು ಅನ್ನಿಸಿತು. ಇನ್ನೊಂದು ಕಡೆ, ನಾನು ಎರಡು ವರ್ಷ ಮೊದಲೇ ರಿಟೈರಾಗಿಬಿಟ್ಟೆ ಅನ್ನುವುದು ಆಗ ಹೊಳೆಯಿತು.

"ಅಕ್ಕಾ, ಇದನ್ನ ಹೋದ ವರ್ಷ ಹೇಳೋಕೆ ನಿನಗೇನಾಗಿತ್ತೇ?"

"ಹೋದ ವರ್ಷ ನೀನು ಕೇಳಿದ್ದೇನ್ಲಾ?"

ಅಧ್ಯಕ್ಷರು ಎದ್ದು ಜನರ ಕಡೆ ತಿರುಗಿದರು. "ಅರವತ್ತು ದಾಟಿದೋರು ಬೇರೆ ಯಾರಾದ್ರೂ ಇದ್ದೀರೇನ್ರಪ್ಪ?" ಬೆಳಿಗ್ಗೆ ತಾನೇ ಏರಿಯ ಮೇಲೆ ಹಿರಿಯರೆಂದು ಮುಂದಿನ ಸಾಲಿನಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಐವತ್ತೆಂಟಕ್ಕೆ ಇಳಿದರು. ವೃದ್ಧಾಪ್ಯ ವೇತನ ತಗೊಳ್ಳುವ ಒಬ್ಬರು ಗಟ್ಟಿಯಾಗಿ "ನಂಗಿನ್ನೂ ಐವತ್ತೇಳು ಸ್ವಾಮಿ" ಅಂದು, ಸೆಕ್ರೆಟರಿ ಅಲ್ಲೇ ಇರುವುದು ನೆನಪಾಗಿ ಹೆಂಡತಿಯ ಬೆನ್ನ ಹಿಂದೆ ಸರಿದರು.

ನಮ್ಮ ಹುಡುಗಿ ಪಟದ ದಾರ ಸುತ್ತತೊಡಗಿದಳು. ತಲೆ ಎತ್ತಲಿಲ್ಲ. ಅವಳ ಇಸ್ಕೂಲು ನನ್ನ ಹುಟ್ಟಿದ ತಾರೀಕಿನಿಂದ ಮುಚ್ಚಿಹೋಗುತ್ತಿತ್ತಲ್ಲ. ಅಕ್ಕನೂ ಅದನ್ನು ನೋಡಿದಳು. ತಮ್ಮನನ್ನು ಉಳಿಸಿಕೊಳ್ಳಲು ಹೋಗಿ ಮಗಳನ್ನು ಊರು ಬಿಡಿಸಿದೆ ಅನ್ನುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

"ಯಾಕೇ ಸುತ್ತುತೀಯ ಅದನ್ನ? ಬಿಚ್ಚು" ಅಂದಳು. ಸೆಕ್ರೆಟರಿಯ ಕಡೆ ತಿರುಗಿದಳು. "ನಂಗೆ ಅರವತ್ತೈದು. ಬರ್ಕಳಿ. ಅವನನ್ನ ಹೊತ್ಕೊಂಡು ಓಡಾಡಿದೋಳು ನಾನು, ಅವನಿಗಿಂತ ಚಿಕ್ಕೋಳಾಗಕ್ಕಾಗಲ್ಲ."

ನನ್ನ ಮೈಮೇಲಿನ ಜಾಕೆಟ್ಟನ್ನು ಅವಳೇ ಬಿಚ್ಚಿ ತೊಟ್ಟುಕೊಂಡಳು. ಸೀರೆಯನ್ನು ಕಚ್ಚೆ ಹಾಕಿ, ತುರುಬಿನ ಮೇಲೆ ಹೆಲ್ಮೆಟ್ ಒತ್ತಿದಳು. ನನ್ನ ಹಾಗಲ್ಲ, ತೋಟದ ಬಾವಿಯಲ್ಲಿ ಈಜಿ ಬೆಳೆದವಳು. ಭಾವ ತೋಟದಲ್ಲಿ ನೀರು ಕಟ್ಟುತ್ತಿದ್ದರು. ಅವರಿಗೆ ಹೇಳಿಕಳಿಸೋಣ ಎಂದು ಯಾರೋ ಅಂದರೆ, "ಬಂದ ಮೇಲೆ ಹೇಳಾನ ಬುಡಿ" ಅಂದಳು. ಹುಡುಗಿ ಹಲಗೆಯ ಮೇಲೆ ನಿಂತಳು. ಅಕ್ಕ ಅವಳ ಕತ್ತಿನ ಸುತ್ತ ಕೈ ಹಾಕಿ, ಬೆನ್ನ ಮೇಲೆ ಕೂಸುಮರಿ ಕೂತಳು. ತಾಯಿ ಮಗಳ ಬೆನ್ನೇರಿದ್ದನ್ನು ನೋಡಿ ಏರಿಯ ಮೇಲೆ ನಗು ಎದ್ದಿತು. ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು.

"ಶಿವಶಿವಾ!" ಅನ್ನುವ ಅಕ್ಕನ ಒಂದು ಕೂಗು ಕೇಳಿತು, ಅಷ್ಟೇ. ಕೆಂಪು ಪಟ ಅಡ್ಡಡ್ಡ ಕೆರೆ ದಾಟಿ ಆಚೆ ದಡದ ಹತ್ತಿರ ನೀರಿನಲ್ಲೇ ನಿಂತಿದ್ದ ಜಾಲಿ ಮರಗಳ ಹಿಂದೆ ಮರೆಯಾಯಿತು. ಅಲ್ಲಿ ಪಟ ಹಿಡಿಯುವುದಕ್ಕೆ ಕಾಯಿ ಕೀಳುವ ಶಿಷ್ಯನನ್ನು ನಿಲ್ಲಿಸಿದ್ದೆವು. ದಡ ಮುಟ್ಟಿ ತಿರುಗಿ ಬರಲು ಐದು ನಿಮಿಷ ಸಾಕು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಅಧ್ಯಕ್ಷರು ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. "ಷರತ್ತು ನಾನೊಬ್ನೇ ಹಾಕಿದ್ದಲ್ಲ, ಮೀಟಿಂಗಲ್ಲಿ ಎಲ್ರೂ ಒಪ್ಪಿದ್ದು" ಎಂದು ಮೆಂಬರುಗಳ ಕಡೆ ನೋಡಿದರು. ನಾನು ಚಪ್ಪಲಿ ಬಿಟ್ಟು ಏರಿಯುದ್ದಕ್ಕೂ ಓಡತೊಡಗಿದೆ. ಓಡಿ ಏನು ಮಾಡುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮರಗಳ ಮೇಲೆ ಕೆಂಪು ಪಟ ಎದ್ದಿತು. ಊರಿಗೆ ಊರೇ ಕೂಗಿತು. ಪಟ ಹತ್ತಿರ ಬಂದ ಹಾಗೆ ನನಗೊಂದು ಅನುಮಾನ ಬಂತು. ಹೋಗುವಾಗ ಕಡ್ಡಿಯಂತಿದ್ದ ಅಕ್ಕ, ಬರುವಾಗ ತುಂಬಿದ ಬಸುರಿಯ ಹಾಗೆ ಕಾಣುತ್ತಿದ್ದಳು. ದಡಕ್ಕಿಳಿದ ಹುಡುಗಿ ಮೊದಲು ತನ್ನ ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. "ಹೋಗೋವಾಗ ಇದ್ದ ತೂಕ ಅಲ್ಲ ಮಾವ" ಅಂದಳು.

ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಸೆಕ್ರೆಟರಿ ಮಾತ್ರ ಪೆನ್ನು ಬಾಯಲ್ಲಿ ಕಚ್ಚಿಕೊಂಡಿದ್ದರು. "ಹೋಗಿದ್ದು ಸರಿ, ಬಂದಿದ್ದು ಸರಿ. ಆಚೆ ದಡ ಮುಟ್ಟಿದ್ದು ಇಲ್ಲಿಂದ ಕಾಣ್ಲಿಲ್ಲ. ಮರದ ಹಿಂದೆ ನೀರಲ್ಲೇ ತಿರುಗಿಸ್ಕೊಂಡು ಬಂದಿದ್ರೆ?"

"ನಮ್ಮ ಹುಡುಗ ಅಲ್ಲೇ ನಿಂತವ್ನಲ್ಲ" ಅಂದೆ ನಾನು.

"ಅವನು ನಿಮ್ಮ ಇಸ್ಕೂಲಿನೋನು. ಅವನ ಸಾಕ್ಷಿ ನಡೆಯಲ್ಲ."

ಅಕ್ಕ ಜಾಕೆಟ್ಟಿನ ಜಿಪ್ಪು ಇಳಿಸಿದಳು. ಮೊದಲು ಒಂದು ತೆಂಗಿನಕಾಯಿ ಬಂತು. ಆಮೇಲೆ ಎರಡು ಬಾಳೆಹಣ್ಣು, ಎಲೆ ಅಡಿಕೆ, ಒಂದು ಹಸಿರು ರವಿಕೆ ಕಣ. ಕೊನೆಗೆ ಸೆರಗಿನ ಗಂಟು ಬಿಚ್ಚಿದಳು. ಎರಡು ಸೇರು ನೆನೆದ ಅಕ್ಕಿ, ಅದರ ಮೇಲೆ ಕರಗಿದ ಬೆಲ್ಲದಚ್ಚು. ಆಚೆ ದಡದ ಊರಿಗೆ ನಮ್ಮ ದೊಡ್ಡಪ್ಪನ ಮಗಳನ್ನು ಕೊಟ್ಟಿದೆ. ಬಟ್ಟೆ ಒಗೆಯುತ್ತಿದ್ದ ಅವಳು ನೀರಿನಿಂದ ಎದ್ದುಬಂದ ಅಕ್ಕನನ್ನು ನೋಡಿ, ಮುತ್ತೈದೆ ಊರಿನ ಗಡಿ ತುಳಿದ ಮೇಲೆ ಬರಿ ಮಡಿಲಲ್ಲಿ ಕಳಿಸಬಾರದೆಂದು ಮನೆಗೆ ಕರೆದುಕೊಂಡು ಹೋಗಿ, ಮಡಿಲು ತುಂಬಿ, ಕಾಫಿ ಕುಡಿಸಿಯೇ ಕಳಿಸಿದ್ದಳು. ಇಪ್ಪತ್ತು ನಿಮಿಷ ಹೋದದ್ದು ಅದಕ್ಕೆ.

ಅಕ್ಕ ನೆನೆದ ಅಕ್ಕಿಯನ್ನು ಸೆಕ್ರೆಟರಿಯ ಮೂಗಿನ ಹತ್ತಿರ ಹಿಡಿದಳು.

"ದಡ ಮುಟ್ಟದೆ ಬಂದಿದ್ರೆ ಈ ಮಡಿಲಕ್ಕಿ ಯಾರು ಕೊಟ್ರು, ಮೀನು ಕೊಟ್ವೇನ್ರೀ?"

ಅಧ್ಯಕ್ಷರು ಸೆಕ್ರೆಟರಿಯ ಬಾಯಿಂದ ಪೆನ್ನು ಕಿತ್ತುಕೊಂಡು ಅಲ್ಲೇ ಸೈನು ಹಾಕಿದರು. ಹುಡುಗಿ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಅಕ್ಕ "ಬುಡೇ, ಅಕ್ಕಿ ಚೆಲ್ತದೆ" ಅಂದಳು. ಸೆಕ್ರೆಟರಿ ಮಾತ್ರ ಹೋಗುವಾಗ ರವಿಕೆ ಕಣವನ್ನು ಎತ್ತಿಕೊಂಡರು. ಫೈಲಿಗೆ ಏನಾದರೂ ಆಧಾರ ಬೇಕಂತೆ. ನಮ್ಮ ಇಸ್ಕೂಲಿನ ಪರ್ಮಿಷನ್ ಕಾಗದ ಈಗಲೂ ಪಂಚಾಯಿತಿ ಆಫೀಸಿನಲ್ಲಿದೆ. ನಂಬದವರು ಹೋಗಿ ನೋಡಬಹುದು, ಕೆಳಗಡೆ ಅವರ ಕೈಬರಹದಲ್ಲೇ ಇದೆ: "ಲಗತ್ತು: ರವಿಕೆ ಕಣ ಒಂದು, ಹಸಿರು, ಒದ್ದೆ."